ಪೆದ್ದಮ್ಮ ಪಾಸಾದರೆ ಮಾತ್ರ ಮುಂದೆ

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹಿಪ್ಪುನೇರಳೆ ತೋಟಗಳು ಶುರುವಾಗುವಲ್ಲಿ, ಒಂದು ಮಹಡಿ ಕಟ್ಟಡವಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಳದಲ್ಲಿ ಮೂರು ವ್ಯಾನುಗಳು ಹಿಂಬಾಗಿಲು ತೆರೆದು ನಿಂತಿವೆ. ಕೆಳಗಿನ ಕೋಣೆಗಳಿಂದ ಹುಳುವಿನ ತಟ್ಟೆಗಳು ಒಂದೊಂದಾಗಿ ಹೊರಗೆ ಬರುತ್ತಿವೆ. ಹೊರುವವರು ಮಾತಾಡುವುದೂ ಮೆಲ್ಲಗೆ, ಹೆಜ್ಜೆ ಇಡುವುದೂ ಮೆಲ್ಲಗೆ. ರೇಷ್ಮೆ ಹುಳುವಿನ ಮರಿಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರ ಇದು. ಪೊರೆ ಬಿಡುವ ಹೊತ್ತಿಗೆ ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುತ್ತದಲ್ಲ, ಅದಕ್ಕೇ ಇಲ್ಲಿನವರು ಜ್ವರ ಎನ್ನುತ್ತಾರೆ. ಜ್ವರ ಹಿಡಿದ ಹುಳು ಬಿಸಿಲೇರುವ ಮುನ್ನ ರೈತರ ಮನೆ ಸೇರಬೇಕು. ಜ್ವರ ಬಿಟ್ಟು ಎದ್ದ ಕೂಡಲೇ ಅದಕ್ಕೆ ಎಳೆ ಸೊಪ್ಪು ಬೇಕು. ಇಲ್ಲದಿದ್ದರೆ ಸಾಯುತ್ತದೆ.

ಮಹಡಿಯ ಕಿಟಕಿಯಿಂದ ಸಂಘಮಿತ್ರ ವ್ಯಾನುಗಳನ್ನೇ ನೋಡುತ್ತಿದ್ದಾರೆ. ಮುಂದೆ ಲ್ಯಾಪ್‌ಟಾಪ್ ತೆರೆದಿದೆ, ಎರಡೂ ಕೈ ಮಾತ್ರ ಮಡಿಲಲ್ಲಿವೆ.

"ಕೊನೇ ವ್ಯಾನ್ ಗೇಟ್ ದಾಟೋ ತನಕ ನಾನು ಏನೂ ಮುಟ್ಟಲ್ಲ. ಅದು ನನ್ನ ಮಡಿ ಅಂತಲೇ ಇಟ್ಕೊಳಿ," ಎನ್ನುತ್ತಾರೆ.

ಆ ವ್ಯಾನುಗಳು ಯಾವ ಊರಿಗೆ, ಯಾರ ಮನೆಗೆ, ಎಷ್ಟು ಹುಳು ಒಯ್ಯಬೇಕೆಂಬ ಪಟ್ಟಿ ಹುಟ್ಟುವುದು ಈ ಕೋಣೆಯಲ್ಲಿ. ಕೇಂದ್ರ ನಡೆಸುವ ಬೆಳೆಗಾರರ ಕೂಟಕ್ಕೆ ಒಂದು ವೆಬ್ ಆ್ಯಪ್ ಇದೆ. ಶಿಡ್ಲಘಟ್ಟ, ಚಿಂತಾಮಣಿ, ಅತ್ತ ಮಂಚೇನಹಳ್ಳಿಯವರೆಗಿನ ಸುಮಾರು ಒಂಬೈನೂರು ಮನೆಯವರು ಅದನ್ನು ಫೋನಿನಲ್ಲಿ ತೆರೆದು, ತಮ್ಮ ತೋಟದಲ್ಲಿ ಸೊಪ್ಪು ಎಂದಿಗೆ ಬರುತ್ತದೋ ಅಂದಿಗೆ ಹುಳು ಬುಕ್ ಮಾಡುತ್ತಾರೆ. ಆ ಆ್ಯಪ್ ಕೆಡದಂತೆ, ನಿಲ್ಲದಂತೆ, ಸುಳ್ಳು ಹೇಳದಂತೆ ಕಾಯುವುದು ಸಂಘಮಿತ್ರರ ಕೆಲಸ. ಒಳ್ಳೆಯ ಹುಳು ಸಾಕಿದವರನ್ನು ಊರು ಗುರುತಿಟ್ಟುಕೊಳ್ಳುತ್ತದೆ. ಪಟ್ಟಿ ಸರಿಯಾಗಿ ಬಂದ ದಿನ ಅದನ್ನು ತಂದವರು ಯಾರೆಂದು ಯಾರೂ ಕೇಳುವುದಿಲ್ಲ. ತಪ್ಪಿದ ದಿನ ಮಾತ್ರ ಎಲ್ಲರಿಗೂ ಮಹಡಿಯ ಮೆಟ್ಟಿಲು ನೆನಪಾಗುತ್ತದೆ.

ಆ ಮೆಟ್ಟಿಲು ಹತ್ತುವುದೂ ಸುಲಭವಲ್ಲ. ಬುಡದಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತೊಟ್ಟಿಯಿದೆ. ಚಪ್ಪಲಿ ಬಿಟ್ಟು ಕಾಲು ಅದ್ದಿಯೇ ಮುಂದೆ ಹೋಗಬೇಕು. ಸೆಂಟು, ಅಗರಬತ್ತಿ, ಘಮ್ಮೆನ್ನುವ ಎಣ್ಣೆ ಯಾವುದೂ ಒಳಗೆ ಸಲ್ಲದು. ಹುಳುವಿಗೆ ಇಟ್ಟ ಕಟ್ಟಳೆ ಕಂಪ್ಯೂಟರನ್ನೂ ಬಿಟ್ಟಿಲ್ಲ.

"ಮದ್ವೆ ಮನೆಯಿಂದ ಸೀದಾ ಬಂದ್ರೆ ಭಾನುಪ್ರಕಾಶ್ ಸಾರ್ ಗೇಟಲ್ಲೇ ನಿಲ್ಲಿಸ್ತಾರೆ. ಮಲ್ಲಿಗೆ ತೆಗೆದಿಟ್ಟು ಬನ್ನಿ ಮೇಡಂ ಅಂತಾರೆ," ಎಂದು ನಗುತ್ತಾರೆ ಸಂಘಮಿತ್ರ. ಭಾನುಪ್ರಕಾಶ್ ಈ ಕೇಂದ್ರದ ವ್ಯವಸ್ಥಾಪಕರು.

ಸಂಘಮಿತ್ರ ಹುಟ್ಟಿದ್ದು ಬುದ್ಧ ಪೂರ್ಣಿಮೆಯ ವಾರ. ನಿವೃತ್ತ ಬಸ್ ಕಂಡಕ್ಟರಾದ ಅಪ್ಪ ಆ ನೆನಪಿಗೆ ಇಟ್ಟ ಹೆಸರದು. ವ್ಯಾನ್ ಓಡಿಸುವ ಕೋನಪ್ಪನವರ ಬಾಯಲ್ಲಿ ಮಾತ್ರ ಅದು 'ಮಿತ್ರಮ್ಮ'. ಚಿಂತಾಮಣಿಯಲ್ಲಿ ಬಿಸಿಎ ಓದಿ, ಚಿಕ್ಕಬಳ್ಳಾಪುರದ ಒಂದು ಸಣ್ಣ ಕಂಪನಿಯಲ್ಲಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಂಡಿದ್ದವರು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದರು. ಆಗಷ್ಟೇ ಯಾರೋ ಗುತ್ತಿಗೆದಾರರು ಕೂಟಕ್ಕೆ ಆ್ಯಪ್ ಮಾಡಿಕೊಟ್ಟು ಕೈ ತೊಳೆದುಕೊಂಡಿದ್ದರು. ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಮನೆಗೆ ಹತ್ತಿರವೆಂದು ಸೇರಿದರು.

ಸೇರಿದ ಮೊದಲ ವರ್ಷ ಎಲ್ಲವೂ ಕೈಯಿಂದಲೇ ನಡೆಯುತ್ತಿತ್ತು. ಏನಾದರೂ ತಿದ್ದಬೇಕಾದರೆ ತಮ್ಮ ಲ್ಯಾಪ್‌ಟಾಪಿನಲ್ಲಿ ತಿದ್ದಿ, ಒಮ್ಮೆ ಓಡಿಸಿ ನೋಡಿ, ಹೊಸ ಫೈಲುಗಳನ್ನು ಸರ್ವರಿಗೆ ಏರಿಸಿ, ರೈತರು ಬಳಸುವ ಆ್ಯಪಿನಲ್ಲೇ ಇನ್ನೊಮ್ಮೆ ಒತ್ತಿ ನೋಡುವುದು. ಎಷ್ಟೋ ಕಡೆ ಇವತ್ತಿಗೂ ಹಾಗೇ ನಡೆಯುತ್ತದೆ. ಅವರನ್ನು ಬದಲಿಸಿದ್ದು ಎರಡು ವರ್ಷದ ಹಿಂದಿನ ಒಂದು ಬುಕಿಂಗ್.

ಅವತ್ತು ಸಂಘಮಿತ್ರ ಬುಕಿಂಗ್ ರದ್ದು ಮಾಡುವ ಗುಂಡಿಯನ್ನು ತಿದ್ದಿದ್ದರು. ಅದನ್ನು ಒತ್ತಿ ನೋಡಲು ಯಾರದಾದರೂ ಹೆಸರು ಬೇಕು. ಆ ದಿನಗಳಲ್ಲಿ ಹುಳು ಬೇಕಾದವರ ಹೆಸರು ಹಾಕಿದರೆ ಅವರ ಬುಕಿಂಗ್ ಕಲಸಿಹೋದೀತೆಂದು ಯೋಚಿಸಿ, ಚಿಂತಾಮಣಿ ಕಡೆಯ ಹಳ್ಳಿಯೊಂದರ ಪೆದ್ದಮ್ಮನವರ ಹೆಸರು ಆರಿಸಿಕೊಂಡರು. ಕಾರಣವಿತ್ತು. ಪೆದ್ದಮ್ಮ ಆಗಷ್ಟೇ ತೋಟ ಕೊಯ್ದಿದ್ದರು. ತೋಟದಲ್ಲಿ ಬರೀ ಬುಡ ನಿಂತಿತ್ತು. ಎರಡು ತಿಂಗಳು ಅವರು ಹುಳು ಕೇಳುವ ಮಾತೇ ಇರಲಿಲ್ಲ.

"ಸೊಪ್ಪಿಲ್ಲ ಅಂತಲೇ ಅವರ ಹೆಸರು ತಗೊಂಡೆ. ಅದೇ ನೋಡಿ ನಾನು ಮಾಡಿದ್ದು," ಎನ್ನುತ್ತಾರೆ ಸಂಘಮಿತ್ರ.

ಬುಕ್ ಮಾಡಿದರು, ರದ್ದು ಮಾಡಿದರು. ಪರದೆಯ ಮೇಲೆ ರದ್ದಾಯಿತು ಎಂದೇ ಬಂತು. ಲ್ಯಾಪ್‌ಟಾಪಿನಲ್ಲೂ ಆಗಿತ್ತು, ಆದ್ದರಿಂದ ಅನುಮಾನ ಪಡಲಿಲ್ಲ. ಆದರೆ ಸರ್ವರಿನಲ್ಲಿದ್ದ ಡೇಟಾಬೇಸ್ ಹಳೆಯದು. ಹೊಸ ಗುಂಡಿ ಹೇಳಿದ್ದು ಅದಕ್ಕೆ ತಿಳಿಯಲಿಲ್ಲ. ಒಳಗೆ ಬುಕಿಂಗ್ ಹಾಗೇ ಕೂತಿತ್ತು.

ಕೆಲವು ದಿನ ಕಳೆದು ಒಂದು ಬೆಳಗ್ಗೆ ಕೋನಪ್ಪನವರ ವ್ಯಾನ್ ಪೆದ್ದಮ್ಮನ ಮನೆ ಮುಂದೆ ನಿಂತಿತು. "ಬೇಡ ಅಂದ್ರೆ ವಾಪಸ್ ತಗೊಂಡೋಗ್ತೀನಿ ಅಂದೆ. ಆಯಮ್ಮ ತಟ್ಟೆ ನೋಡ್ತು, ತೋಟ ನೋಡ್ತು. ಇಳಿಸಪ್ಪ ಅಂತು," ಎಂದು ಕೋನಪ್ಪ ಈಗಲೂ ನೆನೆಯುತ್ತಾರೆ. ಬಾಗಿಲಿಗೆ ಬಂದ ಹುಳುವನ್ನು ಹಿಂದಕ್ಕೆ ಕಳಿಸುವ ವಾಡಿಕೆ ಆ ಮನೆಯಲ್ಲಿಲ್ಲ. ಪೆದ್ದಮ್ಮ ಹುಳು ಇಳಿಸಿಕೊಂಡು, ಪಕ್ಕದ ತೋಟಗಳಿಗೆ ಸೊಪ್ಪು ಕೇಳಲು ಹೊರಟರು. ವಿಷಯ ತಿಳಿದ ಸಂಘಮಿತ್ರ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಇಳಿದರು. ಹುಳುಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಹಾಗಾಗಿ ಬೆಳೆ ಮುಗಿಯುವವರೆಗೆ ಅವರು ರಜೆ ಹಾಕಿ, ಪೆದ್ದಮ್ಮನ ಜೊತೆ ತೋಟದಿಂದ ತೋಟಕ್ಕೆ ಅಲೆದು ಸೊಪ್ಪಿನ ಮೂಟೆ ತಂದು ಹೊಸ್ತಿಲ ಆಚೆ ಇಡುತ್ತಿದ್ದರು. ಕೊನೆಯ ವಾರದ ಹುಳುವಿನ ಹಸಿವನ್ನು ಕೇಳಿ ತಂದ ಸೊಪ್ಪಿನಲ್ಲಿ ತಣಿಸಲು ಯಾರಿಂದಾದೀತು. ಅರ್ಧ ಹುಳು ಸತ್ತು ಮಣ್ಣು ಸೇರಿತು. ಉಳಿದದ್ದು ಕಟ್ಟಿದ ಗೂಡು ತೆಳ್ಳಗಿತ್ತು.

ಕೂಟ ಪರಿಹಾರ ಕೊಟ್ಟಿತು. ಪೆದ್ದಮ್ಮ ಯಾರನ್ನೂ ಬೈಯಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು," ಎಂದಷ್ಟೇ ಹೇಳಿ ಸಂಘಮಿತ್ರ ಕಿಟಕಿಯ ಕಡೆ ನೋಡುತ್ತಾರೆ. ಬೈಯುವುದರ ಬದಲು ಪೆದ್ದಮ್ಮ ಇನ್ನೊಂದು ಮಾಡಿದರು. ಫೋನಿನಲ್ಲಿ ಬುಕ್ ಮಾಡುವುದನ್ನೇ ಬಿಟ್ಟರು. ಹುಳು ಬೇಕಾದಾಗಲೆಲ್ಲ ಚಿಂತಾಮಣಿಗೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು ಬಸ್ಸು ಹಿಡಿದು ಬಂದು, ಕಾಲು ಅದ್ದಿ, ಮಹಡಿ ಹತ್ತಿ, ಎದುರಿಗೆ ನಿಂತು ತಾರೀಖು ಹೇಳಿ ಹೋಗುತ್ತಾರೆ.

"ಎದುರಿಗೇ ಹೇಳೋಗ್ತೀನಿ ಬಿಡಮ್ಮ," ಎನ್ನುತ್ತಾರಂತೆ. "ನಿನ್ ಮ್ಯಾಲೆ ಕೋಪ ಲೇದು. ಫೋನಿನ್ ಮ್ಯಾಲೆ ನಂಬಿಕೆ ಇಲ್ಲ, ಅಷ್ಟೆ."

ಮಂಡಿನೋವಿನ ಅರವತ್ತೈದರ ಹೆಂಗಸು ಉಸಿರು ಬಿಡುತ್ತ ಮೆಟ್ಟಿಲು ಹತ್ತುವ ಸದ್ದು ಸಂಘಮಿತ್ರರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಆ ದಿನಗಳಲ್ಲೇ ಕೆಳಗೆ ಒಂದು ಜಗಳ ನಡೆಯಿತು. ಹುಳು ರೋಗ ಬಿದ್ದಿತೆಂದು ರೈತರೊಬ್ಬರು ಬಂದಿದ್ದರು. ಭಾನುಪ್ರಕಾಶ್ ಚಾಕಿಯವರೆಲ್ಲ ಹೇಳುವ ಮಾತನ್ನೇ ಹೇಳಿದರು: "ನಮ್ಮಲ್ಲಿದ್ದಾಗ ಚೆನ್ನಾಗಿತ್ತಪ್ಪ. ನಿಮ್ಮನೆ ಹವೆ ಹೆಂಗಿತ್ತೋ." ಮೇಲೆ ಕೂತು ಕೇಳಿಸಿಕೊಂಡ ಸಂಘಮಿತ್ರರಿಗೆ ನಾಚಿಕೆಯಾಯಿತು. ಪೆದ್ದಮ್ಮನ ಬುಕಿಂಗ್ ತಪ್ಪಿದಾಗ, ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿತ್ತು ಎಂದು ಅವರೂ ತಾನೇ ಹೇಳಿದ್ದು?

ಅಲ್ಲಿಂದ ಕಂಟೈನರ್ ವಿದ್ಯೆಯ ಬೆನ್ನು ಹತ್ತಿದರು. ಕೋಣೆಯಲ್ಲಿ ನೆಟ್‌ವರ್ಕ್ ಸಿಗದೆ ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ವಿಡಿಯೊ ನೋಡಿದರು. ಅರ್ಥವಾಗದ್ದನ್ನು ಮೂರು ಸಲ ನೋಡಿದರು. ಕರೆಂಟು ಹೋದಾಗ ಅರ್ಧ ಆದ ಕೆಲಸ ಹಾಳಾಗಿ ಮತ್ತೆ ಮೊದಲಿಂದ ಶುರು ಮಾಡಿದರು. ಆರು ತಿಂಗಳು ಹಿಡಿಯಿತು.

ಕಂಟೈನರ್ ಎಂದರೇನೆಂದು ಕೂಟದ ಸಭೆಯಲ್ಲಿ ಕೇಳಿದಾಗ ಅವರು ಕೊಟ್ಟ ಉತ್ತರ ಈಗ ಇಲ್ಲಿ ಎಲ್ಲರ ಬಾಯಲ್ಲಿದೆ: "ಹುಳ ಒಂದನ್ನೇ ಕಳ್ಸಿದ್ರೆ ಅಲ್ಲಿನ ಹವೆ ಹೆಂಗಿರುತ್ತೋ ಗೊತ್ತಿಲ್ಲ. ಹುಳದ ಜೊತೆ ಹುಳುಮನೇನೂ ಕಳ್ಸಿಬಿಟ್ರೆ?" ಆ್ಯಪಿನ ಜೊತೆಗೆ ಅದಕ್ಕೆ ಬೇಕಾದ ಡೇಟಾಬೇಸ್, ಅದರ ಆವೃತ್ತಿ, ಸಣ್ಣಪುಟ್ಟ ಸಾಮಾನು ಎಲ್ಲವನ್ನೂ ಬರೆದಿಟ್ಟು ಕಟ್ಟಿದ ಪೆಟ್ಟಿಗೆಗಳು ಅವು. ಲ್ಯಾಪ್‌ಟಾಪಿನಲ್ಲಿ ತೆರೆದರೂ ಸರ್ವರಿನಲ್ಲಿ ತೆರೆದರೂ ಒಳಗಿನ ಹವೆ ಒಂದೇ.

ಇದು ಅರ್ಧ ಕೆಲಸ. ಉಳಿದರ್ಧ ಪರೀಕ್ಷೆ. ಈಗ ಸಂಘಮಿತ್ರ ಒಂದು ಸಾಲು ತಿದ್ದಿದರೂ ಸಾಕು, ತಾನಾಗಿಯೇ ಹೊಸದೊಂದು ಪೆಟ್ಟಿಗೆ ಸಿದ್ಧವಾಗುತ್ತದೆ. ರೈತರ ಆ್ಯಪಿಗೆ ಸಂಬಂಧವೇ ಇಲ್ಲದ ಪ್ರತ್ಯೇಕ ಜಾಗದಲ್ಲಿ ಅದನ್ನು ಓಡಿಸಿ, ಕಾಲ್ಪನಿಕ ರೈತರ ಹೆಸರಲ್ಲಿ ಟೆಸ್ಟುಗಳು ಒಂದಾದ ಮೇಲೊಂದು ನಡೆಯುತ್ತವೆ. ಎಲ್ಲವೂ ಪಾಸಾಗಿ ಹಸಿರಾದರೆ ಹೊಸ ಪೆಟ್ಟಿಗೆ ತಾನೇ ಹೋಗಿ ಹಳೆಯದರ ಜಾಗದಲ್ಲಿ ಕೂರುತ್ತದೆ. ಒಂದು ಕೆಂಪಾದರೂ ಇದ್ದಲ್ಲೇ ನಿಲ್ಲುತ್ತದೆ. ಎಲ್ಲಕ್ಕಿಂತ ಮೊದಲು ನಡೆಯುವ ಟೆಸ್ಟಿನ ಹೆಸರು 'ಪೆದ್ದಮ್ಮ'. ಅದು ಹುಳು ಬುಕ್ ಮಾಡುತ್ತದೆ, ರದ್ದು ಮಾಡುತ್ತದೆ, ಡೇಟಾಬೇಸಿನೊಳಗೆ ನಿಜವಾಗಿ ರದ್ದಾಯಿತೇ ಎಂದು ನೋಡುತ್ತದೆ, ಮತ್ತೆ ಬುಕ್ ಮಾಡುತ್ತದೆ.

ಇದಕ್ಕೂ ಮುನಿಸಿಕೊಂಡವರಿದ್ದರು. ಆ್ಯಪಿಗೆ ಮಂಚೇನಹಳ್ಳಿಯ ವ್ಯಾನ್ ಮಾರ್ಗ ಸೇರಿಸುವಾಗ ಪೆದ್ದಮ್ಮ ಕೆಂಪಾಗಿ ನಿಂತಳು. ಅಲ್ಲಿನ ರೈತರು ಬುಕಿಂಗಿಗೆ ಕಾಯುತ್ತಿದ್ದರು. "ಮೇಡಂ, ಇಲ್ಲದೇ ಇರೋ ಹೆಂಗಸೊಬ್ಬಳು ಫೇಲಾದ್ಲು ಅಂತ ಇರೋ ರೈತರನ್ನ ಕಾಯಿಸ್ತೀರಾ? ಈ ಸಲ ಕೈಯಲ್ಲೇ ಹಾಕ್ಬಿಡಿ," ಎಂದರು ಭಾನುಪ್ರಕಾಶ್. ಸಂಘಮಿತ್ರ ಹಾಕಲಿಲ್ಲ. ಹುಡುಕಿದಾಗ ಕಂಡದ್ದು ಇಷ್ಟು: ಹೊಸ ಮಾರ್ಗ ಸೇರಿದ ಕೂಡಲೇ ರದ್ದಾದ ಬುಕಿಂಗುಗಳೂ ವ್ಯಾನಿನ ಪಟ್ಟಿಗೆ ಬಂದು ಕೂರುತ್ತಿದ್ದವು. ಹಾಗೇ ಬಿಟ್ಟಿದ್ದರೆ ಸೊಪ್ಪಿಲ್ಲದ ಎಷ್ಟು ಮನೆ ಮುಂದೆ ಹುಳು ಇಳಿಯುತ್ತಿತ್ತೋ. ಅಂದಿನಿಂದ ಭಾನುಪ್ರಕಾಶ್ ದಿನಾ ಬೆಳಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು, "ಪೆದ್ದಮ್ಮ ಏನಂದ್ಲು?" ಎಂದು ಕೂಗಿ ಕೇಳುತ್ತಾರೆ.

ನಿಜವಾದ ಪೆದ್ದಮ್ಮನಿಗೂ ವಿಷಯ ಗೊತ್ತು. ಬಂದಾಗಲೆಲ್ಲ ಕೇಳುತ್ತಾರೆ: "ಇವತ್ತು ನಾನು ಪಾಸಾ?" ಪಾಸು ಎಂದರೆ ತಲೆಯಾಡಿಸಿ, ಆದರೂ ತಾರೀಖನ್ನು ಬಾಯಲ್ಲೇ ಹೇಳಿ ಬಸ್ಸಿಗೆ ಹೋಗುತ್ತಾರೆ.

ಈಗ ಕೊನೆಯ ವ್ಯಾನ್ ಗೇಟು ದಾಟುತ್ತದೆ. ಸಂಘಮಿತ್ರರ ಕೈ ಮಡಿಲಿನಿಂದ ಎದ್ದು ಕೀಲಿಗಳ ಮೇಲೆ ಬರುತ್ತದೆ. ಇವತ್ತಿನ ತಿದ್ದುಪಡಿ ಸಣ್ಣದು, ಅಕ್ಷರ ದಪ್ಪ ಕಾಣುವಂತೆ ಮಾಡಿದ್ದು. ಹಸಿರು ಗುರುತುಗಳು ಮೇಲಿಂದ ಕೆಳಗೆ ಇಳಿಯುತ್ತವೆ. ಪೆದ್ದಮ್ಮ ಪಾಸ್. ಹೊಸ ಪೆಟ್ಟಿಗೆ ಹೋಗಿ ಕೂರುತ್ತದೆ. ಕಾಫಿ ಬರುತ್ತದೆ. ಇಷ್ಟೆಲ್ಲ ಮಾಡಿದವರಿಗೆ ಇನ್ನೇನಾಸೆ ಎಂಬ ಪ್ರಶ್ನೆಗೆ ಅವರು ಲೋಟ ತಿರುಗಿಸುತ್ತ, "ಒಂದಿದೆ. ಅದು ನನ್ನ ಕೈಲಿಲ್ಲ ಬಿಡಿ," ಎನ್ನುತ್ತಾರೆ.

ಅರ್ಧ ಗಂಟೆಯ ಮೇಲೆ, ಬಂದ ಬುಕಿಂಗುಗಳನ್ನು ನೋಡುತ್ತಿದ್ದವರ ಕೈ ತಟ್ಟನೆ ನಿಲ್ಲುತ್ತದೆ. ಮುಖದ ಬಣ್ಣ ಹೋಗುತ್ತದೆ. ನಿಜವಾದ ಆ್ಯಪಿನಲ್ಲಿ, ನಿಜವಾದ ರೈತರ ನಡುವೆ, ಮೂರು ಸಾಲು ಕೂತಿವೆ. ಪೆದ್ದಮ್ಮ, ಬುಕ್. ಪೆದ್ದಮ್ಮ, ರದ್ದು. ಪೆದ್ದಮ್ಮ, ಮತ್ತೆ ಬುಕ್. ಟೆಸ್ಟು ಮಾಡುವುದೂ ಇದೇ ಮೂರು, ಇದೇ ವರಸೆಯಲ್ಲಿ.

"ಟೆಸ್ಟು ಆಚೆ ಬಂದ್ಬಿಟ್ಟಿದೆ," ಎನ್ನುತ್ತಾರೆ ಸಂಘಮಿತ್ರ. ದನಿ ಸಣ್ಣಗಾಗಿದೆ. ಎರಡು ವರ್ಷದ ಹಿಂದಿನ ಮೂಟೆಗಳೆಲ್ಲ ಮತ್ತೆ ಹೆಗಲಿಗೆ ಬಂದಂತೆ ಕೂತಿದ್ದಾರೆ. ಆಮೇಲೆ ಫೋನ್ ತೆಗೆದು, ಸ್ಪೀಕರ್ ಒತ್ತುತ್ತಾರೆ.

"ಪೆದ್ದಮ್ಮಾ, ನಾನು ಸಂಘಮಿತ್ರ. ನಿಮ್ಮ ಹೆಸರಲ್ಲಿ ಒಂದು ಬುಕಿಂಗ್ ಬಂದಿದೆ. ಗಾಬರಿಯಾಗ್ಬೇಡಿ, ಈಗ್ಲೇ ತೆಗೀತೀನಿ."

"ತೆಗೀಬ್ಯಾಡ, ತೆಗೀಬ್ಯಾಡ," ಎನ್ನುತ್ತದೆ ಆ ಕಡೆಯ ದನಿ. "ನಾನೇ ಒತ್ತಿದ್ದು ಕಣಮ್ಮ. ಇವತ್ತು ಅಕ್ಸರ ದಪ್ಪ ಕಾಣ್ತಿದ್ವು, ನೋಡಣ ಅಂತ ಕೂತ್ಕಂಡೆ. ಮೊದ್ಲು ಬುಕ್ ಮಾಡ್ದೆ. ಆಮ್ಯಾಕೆ ಬ್ಯಾಡ ಅಂತ ಒತ್ತಿ, ನಿಮ್ ಆಫೀಸಿಗೆ ಫೋನ್ ಮಾಡಿ ಆ ಭಾನುಪ್ರಕಾಸನ್ನ ಕೇಳ್ದೆ, ಲಿಸ್ಟಲ್ಲಿ ನನ್ ಹೆಸ್ರೈತೇನಪ್ಪ ಅಂತ. ಇಲ್ಲ ಅಂದ. ಸರಿ ಅಂತ ಮತ್ತೆ ಬುಕ್ ಮಾಡ್ದೆ."

ಸಂಘಮಿತ್ರ ಫೋನನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಕಣ್ಣು ತುಂಬಿದೆ, ಅದನ್ನು ಅಡಗಿಸಲೂ ಹೋಗುವುದಿಲ್ಲ.

"ತೋಟದಲ್ಲಿ ಸೊಪ್ಪಿದೆಯಾ ಪೆದ್ದಮ್ಮಾ?"

"ಎದೆ ಮಟ್ಟ ನಿಂತೈತೆ. ನಿನ್ ವ್ಯಾನು ಬೆಳಗಾನೆ ಬರ್ಲಿ. ನಾನಿನ್ನ ಬಸ್ಸತ್ತಲ್ಲ ಕಣಮ್ಮ, ಮಂಡಿ ನೋಯ್ತದೆ."