ರೈನೆ ಹಕಲಾ ಇಳಿಸಿದ ಬಾವುಟ

ನಮ್ಮ ಕಟ್ಟಡದಲ್ಲಿ ಯಾರಾದರೂ ತೀರಿಕೊಂಡರೆ ಅಂಗಳದ ಕಂಬದಲ್ಲಿ ಬಾವುಟ ಅರ್ಧಕ್ಕೆ ಇಳಿಯುತ್ತದೆ. ಫಿನ್‌ಲೆಂಡಿನಲ್ಲಿ ಎಲ್ಲ ಕಡೆಯೂ ಇದೇ ರೂಢಿ. ಆದರೆ ಅದರ ಬಗ್ಗೆ ರೈನೆ ಹಕಲಾನಷ್ಟು ಜಂಬಪಡುವವನು ಇಡೀ ಪೊರ್ವೋ ಊರಿನಲ್ಲಿ ಇನ್ನೊಬ್ಬನಿಲ್ಲ. ನೀರಿನ ಇಲಾಖೆಯಲ್ಲಿ ಪೈಪು ಜೋಡಿಸಿ ನಿವೃತ್ತನಾದವನು. ಬಾವುಟ ಮೊದಲು ತುದಿ ಮುಟ್ಟಿ ಆಮೇಲೆ ಇಳಿಯಬೇಕು, ನೆಲಕ್ಕೆ ತಾಕಬಾರದು, ಹಗ್ಗ ಜೋತು ಬೀಳಬಾರದು. ಇದನ್ನೆಲ್ಲ ಕೇಳಿ ಕೇಳಿ ನಮ್ಮ ಕಿವಿ ತೂತಾಗಿವೆ.

ನದಿಯ ಆಚೆ ದಡದ ಕೆಂಪು ಮರದ ಉಗ್ರಾಣಗಳು ಹಾಗೇ ಇವೆ, ಪ್ರವಾಸಿಗಳು ಬಂದು ಫೋಟೋ ಹೊಡೆಯುತ್ತಾರೆ. ಬೆಳೆದದ್ದೆಲ್ಲ ನಮ್ಮ ಈ ದಡ. ಹೊಲವಿದ್ದ ಕಡೆ ಮನೆಗಳೆದ್ದವು, ಕಾಣದ ಮುಖಗಳು ಬಂದವು. ಅದು ರೈನೆಗೆ ಅಷ್ಟಾಗಿ ಹಿಡಿಸಲಿಲ್ಲ.

"ಊರು ಬೇಕಾದಷ್ಟು ಬೆಳೀಲಿ," ಎನ್ನುತ್ತಿದ್ದ. "ನಮ್ಮ ಕಟ್ಟಡದಲ್ಲಿ ಮಾತ್ರ ಯಾರೂ ಹೇಳೋರು ಕೇಳೋರಿಲ್ಲದೆ ಸಾಯಲ್ಲ."

ಈ ಮಾತನ್ನು ಅವನು ಪ್ರತಿ ವರ್ಷ ವಸಂತದ ತಾಲ್ಕೋತ್ ದಿನ ಹೇಳುತ್ತಿದ್ದ. ಅಂದು ನಾವೆಲ್ಲ ಸೇರಿ ಅಂಗಳ ಗುಡಿಸುತ್ತೇವೆ, ಆಮೇಲೆ ಸಾಸೇಜ್ ಸುಟ್ಟು ಕಾಫಿ ಕುಡಿಯುತ್ತೇವೆ. ಈ ವರ್ಷ ಆ ದಿನ, ನಾವು ಹೊಸಬ ಎನ್ನುತ್ತಿದ್ದ ಮೂರನೇ ಮಹಡಿಯ ಒಬ್ಬ ಗಂಡಸು ಕಂಬದ ಸುತ್ತಲಿನ ಎಲೆಯನ್ನೆಲ್ಲ ಎಳೆದು ಗುಡ್ಡೆ ಹಾಕಿ ರೈನೆಯ ಬಳಿಗೆ ಬಂದ. ಬೋಳು ತಲೆ, ಮೆಲುದನಿ.

"ಬಾವುಟ ಏರಿಸೋವಾಗ ಹಗ್ಗ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಿದ್ರೆ ಹೇಳಿ," ಎಂದ.

"ಇನ್ನೊಂದು ಹತ್ತು ವರ್ಷ ಇಲ್ಲಿರಿ, ಆಮೇಲೆ ನೋಡೋಣ," ಎಂದ ರೈನೆ.

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆತನೂ ನಕ್ಕ, ಎಲೆ ಬಾಚುವ ಕೋಲನ್ನು ಗೋಡೆಗೆ ಒರಗಿಸಿ ಮೇಲೆ ಹೋದ.

ಶರತ್ಕಾಲದ ಒಂದು ಬೆಳಿಗ್ಗೆ ಆಂಬುಲೆನ್ಸ್ ಬಂತು. ಮೂರನೇ ಮಹಡಿಯಿಂದ ಮುಖ ಮುಚ್ಚಿದ ಸ್ಟ್ರೆಚರ್ ಇಳಿಯಿತು. ಮೂರನೇ ಮಹಡಿ ಎಂದರೆ ನಮಗೆಲ್ಲ ಸಿರ್ಕಾ ವಿಟಾಲಾ. ಹೃದಯದ ತೊಂದರೆ ಇದ್ದ ಹೆಂಗಸು, ರೈನೆಗೆ ಕಾರ್ಡ್ಸ್ ಆಟದ ಜೊತೆಗಾತಿ. ಅವಳ ಕಿಟಕಿಯ ಪರದೆ ಎಳೆದಿತ್ತು, ಫೋನ್ ಮಾಡಿದರೆ ಎತ್ತಲಿಲ್ಲ. ರೈನೆ ಕಪ್ಪು ಕೋಟು ಹಾಕಿಕೊಂಡು ಕೆಳಗಿಳಿದ. ಬಾವುಟ ತುದಿಗೇರಿತು, ಅರ್ಧಕ್ಕೆ ಇಳಿಯಿತು. ಮೆಟ್ಟಿಲ ಬುಡದ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ ಸಿರ್ಕಾಳ ಫೋಟೋ ಇಟ್ಟ. ಸಿಕ್ಕಿದ್ದು ತಾಲ್ಕೋತ್ ದಿನದ ಫೋಟೋ ಒಂದೇ, ಅದರಲ್ಲಿ ಅವಳ ಬಾಯಿ ತುಂಬ ಸಾಸೇಜ್ ಇತ್ತು. ನಾನು ಕಾಫಿ ಮಾಡಿ ತಂದೆ. ಅಂಗಳದಲ್ಲಿ ನಿಂತು ಎಲ್ಲರೂ ಅವಳ ಗುಣಗಾನ ಮಾಡಿದರು. ರೈನೆ ಕರವಸ್ತ್ರ ತೆಗೆದ.

ಅಷ್ಟರಲ್ಲಿ ಚಕ್ರದ ಪೆಟ್ಟಿಗೆ ಎಳೆದುಕೊಂಡು ಸಿರ್ಕಾ ಗೇಟಿನೊಳಗೆ ಬಂದಳು.

"ಅಯ್ಯೋ, ಯಾರು ಹೋದ್ರೋ ರೈನೆ?"

"ಮೂರನೇ ಮಹಡಿಯಿಂದ ಕರ್ಕೊಂಡು ಹೋದ್ರು... ನೀನೇ ಅಂದ್ಕೊಂಡೆ," ಎಂದ ರೈನೆ. ಸಿರ್ಕಾ ಗಾಜಿನ ಬಾಗಿಲಿನಾಚೆ ತನ್ನದೇ ಫೋಟೋ ಕಂಡಳು.

"ತಂಗಿ ಮನೆಗೆ ಹೋಗಿದ್ದೆ ಕಣೋ. ಎರಡು ದಿನ ಬಾಗಿಲು ಹಾಕಿದ್ರೆ ಸಾಯ್ಸೇಬಿಡೋದಾ? ಅದೂ ಈ ಫೋಟೋ ಇಟ್ಟು?" ಎಂದು ನಕ್ಕಳು.

ಯಾರೋ ಕಿಸಕ್ಕನೆ ನಕ್ಕರು. ರೈನೆಯ ಕಿವಿಯ ತುದಿಯವರೆಗೂ ಕೆಂಪೇರಿತು. ಇನ್ನು ಊರಲ್ಲಿ ಹೇಗೆ ತಲೆ ಎತ್ತಿ ಓಡಾಡಲಿ ಎಂಬ ಯೋಚನೆ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಬಾವುಟ ಇಳಿಸಿಬಿಡಲು ಗಡಿಬಿಡಿಯಿಂದ ಹಗ್ಗಕ್ಕೆ ಕೈ ಹಾಕಿದ.

"ತಡಿ," ಎಂದಳು ಸಿರ್ಕಾ. ಅವಳ ನಗು ನಿಂತಿತ್ತು. "ಮೂರನೇ ಮಹಡಿಯಿಂದ ಕರ್ಕೊಂಡು ಹೋದ್ರು ಅಂದ್ಯಲ್ಲ. ಹಾಗಾದ್ರೆ ಹೋಗಿದ್ದು ಯಾರು?"

ಆ ಮಹಡಿಯಲ್ಲಿ ಇರುವುದೇ ಎರಡು ಮನೆ.

"ನಿನ್ನ ಎದುರು ಮನೆಯವನು," ಎಂದೆ ನಾನು. "ಆ ಹೊಸಬ."

"ಅವನ ಹೆಸರೇನು?"

ರೈನೆ ನನ್ನ ಕಡೆ ನೋಡಿದ. ನಾನು ಪಕ್ಕದವರನ್ನು ನೋಡಿದೆ. ಆತ ಬಂದು ಎರಡು ವರ್ಷವಾಗಿತ್ತು, ಆದರೂ ನಮ್ಮ ಬಾಯಲ್ಲಿ ಹೊಸಬನಾಗಿಯೇ ಉಳಿದಿದ್ದ.

"ಹೆಸರು ಬಾಗಿಲ ಮೇಲೇ ಇದೆ," ಎಂದಳು ಸಿರ್ಕಾ ಸಣ್ಣ ದನಿಯಲ್ಲಿ. "ದಿನಾ ನೋಡ್ತೀನಿ. ಈಗ ಬಾಯಿಗೆ ಬರ್ತಿಲ್ಲ, ನೋಡು."

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ನನಗೆ.

"ಬಾವುಟ ಹಾಗೇ ಇರ್ಲಿ ಬಿಡು," ಎಂದಳು ಅವಳು. "ಹೇಗೂ ಇಳ್ಸಿದೀಯ."

"ಇಲ್ಲ," ಎಂದ ರೈನೆ. "ಇದು ನಿನಗೆ ಅಂತ ಇಳ್ಸಿದ್ದು. ನಿಂದು ಉಳೀತು ಅಂತ ಅವನಿಗೆ ಕೊಡೋಕಾಗಲ್ಲ."

ಬಾವುಟವನ್ನು ತುದಿಗೆ ಒಯ್ದು ಪೂರ್ತಿ ಕೆಳಗಿಳಿಸಿದ, ಮಡಿಸಿ ತೋಳಿನ ಮೇಲೆ ಹಾಕಿಕೊಂಡ. ಮೆಟ್ಟಿಲು ಹತ್ತಿ ಹೋದ. ಮೇಲೆ ಆ ಬಾಗಿಲ ಮುಂದೆ ಎಷ್ಟು ಹೊತ್ತು ನಿಂತನೋ ಗೊತ್ತಿಲ್ಲ, ನಮ್ಮ ಕಾಫಿಯೆಲ್ಲ ತಣ್ಣಗಾಗಿತ್ತು. ಬರುವಾಗ ಸಿರ್ಕಾಳ ಫೋಟೋ ತೆಗೆದು ಅವಳ ಕೈಗಿಟ್ಟ. ಮೇಣದಬತ್ತಿಯ ಹಿಂದೆ ಇಡಲು ಆತನ ಫೋಟೋ ನಮ್ಮಲ್ಲಿ ಒಬ್ಬರ ಬಳಿಯೂ ಇರಲಿಲ್ಲ.

"ಲೌನೋನೆನ್," ಎಂದ ಕಂಬದ ಬಳಿ ನಿಂತು. "ಬರೀ ಮನೆತನದ ಹೆಸರು ಇದೆ. ಅವನ ಹೆಸರು ಇಲ್ಲ."

ಬಾವುಟ ಕಟ್ಟಲು ಹೊರಟಾಗ ಅದು ಅವನ ತೋಳಿನಿಂದ ಜಾರಿತು, ಅಂಚು ಇನ್ನೇನು ನೆಲಕ್ಕೆ ತಾಕುವುದರಲ್ಲಿತ್ತು. ನಾನು ಹಿಡಿದುಕೊಳ್ಳಲು ಮುಂದೆ ಹೋದೆ.

"ಬೇಡ," ಎಂದ ರೈನೆ, ನನ್ನ ಮುಖ ನೋಡದೆ. "ಹಗ್ಗ ಹಿಡ್ಕೋತೀನಿ ಅಂತ ಅವನು ಕೇಳಿದ್ದ."