ನನ್ನ ಕೈಬರಹ ಗುರುತಿಸಿದ ಟೀಚರ್

ಅವರ ಬಲಗೈಯ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ಎಂದೋ ಅಂಗನವಾಡಿಯಲ್ಲಿ ಬಿಸಿ ಅನ್ನದ ಪಾತ್ರೆ ಒಲೆಯಿಂದ ಜಾರಿ ಮಗುವೊಂದರ ಮೇಲೆ ಬೀಳುವುದನ್ನು ತಡೆಯಲು ಹೋಗಿ ಕೈ ಬೆಂದಿತ್ತು. ಆಮೇಲೆ ಆ ಬೆರಳು ಕೊಕ್ಕೆಯ ಹಾಗೆ ಮಡಚಿಕೊಂಡೇ ಉಳಿಯಿತು. ಸಿಟ್ಟು ಬಂದು ಅವರು ಯಾರ ಕಡೆ ಬೆರಳು ತೋರಿಸಿದರೂ ಅದು ನೆಲವನ್ನೇ ತೋರಿಸುತ್ತಿತ್ತು. ಆದರೂ ಬೈಗುಳ ಯಾರಿಗೆ ಎನ್ನುವುದರಲ್ಲಿ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಸಿಟ್ಟಂತೂ ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು.

ಸುತ್ತಮುತ್ತಲಿನವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಹೊಂಗಡಹಳ್ಳದ ಕಡೆ ಹೋಗುವ ರಸ್ತೆಯಲ್ಲಿ ನನ್ನ ಮಾವನವರ ಕಾಫಿ ಎಸ್ಟೇಟ್ ಇದೆ. ಅಲ್ಲಿ ಕೂಲಿಯವರು ಇರುವ ಲೈನ್ ಮನೆಗಳ ಮಕ್ಕಳಿಗೆ ವರ್ಷಗಟ್ಟಲೆ ಅಂಗನವಾಡಿ ನಡೆಸಿ ನಿವೃತ್ತರಾದವರು ಅವರು. ಎದುರಿಗೆ ಸಿಕ್ಕರೆ ನಾನು ತಲೆಯಾಡಿಸುತ್ತಿದ್ದೆ. ಅವರು ಅದನ್ನೂ ಮಾಡುತ್ತಿರಲಿಲ್ಲ. ಉಳಿದವರೆಲ್ಲ ‘ಅಮ್ಮಾವ್ರೆ’ ಎನ್ನುವಾಗ ಅವರ ಬಾಯಲ್ಲಿ ಮಾತ್ರ ಆ ಮಾತು ಬರುತ್ತಿರಲಿಲ್ಲ. ಸೊಕ್ಕಿನ ಹೆಂಗಸು ಎಂದುಕೊಂಡಿದ್ದೆ.

ಅವರು ನಮ್ಮ ಮನೆಯೊಳಗೆ ಕಾಲಿಟ್ಟದ್ದು ನನ್ನ ಮಗಳ ಅಳು ಕೇಳಿ.

ಪುಟ್ಟಿಗೆ ಆಗ ಐದು ವರ್ಷ. ಮಾತು ತಡವಾಗಿ ಬಂದಿತ್ತು. ಇವತ್ತು ಕಲಿತದ್ದು ನಾಳೆಗೆ ಇರುತ್ತಿರಲಿಲ್ಲ. ಪೆನ್ಸಿಲ್ ಕೊಟ್ಟರೆ ಎರಡು ನಿಮಿಷಕ್ಕೆ ಕೈಯಿಂದ ಜಾರುತ್ತಿತ್ತು. ಹಾಸನದ ಮಕ್ಕಳ ಡಾಕ್ಟರು ಎಲ್ಲ ನೋಡಿ, “ಕಿವಿ, ಕಣ್ಣು ಸರಿಯಾಗಿವೆ. ಕಲೀತಾಳೆ, ನಿಧಾನ ಅಷ್ಟೆ. ಅವಸರ ಮಾಡ್ಬೇಡಿ” ಎಂದಿದ್ದರು. ಆದರೆ ನಾವು ಸೇರಿಸಿದ್ದ ಪೇಟೆಯ ಇಂಗ್ಲಿಷ್ ಶಾಲೆಗೆ ಅವಸರವಿತ್ತು. ಎಲ್‌ಕೆಜಿ ಮಕ್ಕಳ ಗುಂಪು ಫೋಟೋ ತೆಗೆಯುವ ದಿನ ಅವಳೊಬ್ಬಳನ್ನೇ ಆಯಾ ಜೊತೆ ಅಡುಗೆಕೋಣೆಯಲ್ಲಿ ಕೂರಿಸಿದ್ದರು. ಫೋಟೋ ಮನೆಗೆ ಬಂದಾಗ ಮೂರು ಸಾಲುಗಳಲ್ಲೂ ಅವಳ ಮುಖ ಹುಡುಕಿದೆ. ಕೇಳಲು ಹೋದರೆ ಶಾಲೆಯ ಮುಖ್ಯಸ್ಥೆ ನಗುತ್ತಲೇ ಹೇಳಿದರು: “ಅವಳು ಒಂದು ಕಡೆ ನಿಲ್ಲಲ್ಲ ಮೇಡಂ, ಬೇರೆ ಪೇರೆಂಟ್ಸ್ ಬೇಜಾರು ಮಾಡ್ಕೋತಾರೆ. ಯುಕೆಜಿಗೆ ಬೇರೆ ಎಲ್ಲಾದ್ರೂ ನೋಡ್ಕೊಳ್ಳಿ.” ನಾನು ಬಾಯಿ ಮುಚ್ಚಿಕೊಂಡು ಎದ್ದೆ. ಬಾಗಿಲ ಹತ್ತಿರ ‘ಥ್ಯಾಂಕ್ಸ್’ ಎಂದು ಬೇರೆ ಹೇಳಿದೆ. ಆ ಥ್ಯಾಂಕ್ಸ್ ನೆನೆದರೆ ಈಗಲೂ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮನೆಯಲ್ಲೇ ಕಲಿಸುತ್ತೇನೆ ಎಂದು ಹಟ ಹಿಡಿದೆ. ಹಾಗೆ ಕಲಿಸುವ ತಾಯಂದಿರ ವಾಟ್ಸಾಪ್ ಗುಂಪು ಸೇರಿದೆ. ಒಬ್ಬೊಬ್ಬರು ಒಂದೊಂದು ಪಠ್ಯಕ್ರಮ ಹೊಗಳಿದರು. ಮೂರನ್ನು ತರಿಸಿದೆ. ಒಂದು ಮರದ ಅಕ್ಷರ, ಬಣ್ಣದ ಮಣಿಗಳ ಪೆಟ್ಟಿಗೆ. ಇನ್ನೊಂದು ಟ್ಯಾಬಿನಲ್ಲಿ ನೋಡುವ ಪಾಠ. ಮತ್ತೊಂದು ವಾರಕ್ಕಿಷ್ಟು ಎಂದು ಇಡೀ ವರ್ಷಕ್ಕೆ ಹೊಂದಿಸಿಟ್ಟ ದಪ್ಪನೆಯ ಅಭ್ಯಾಸದ ಪುಸ್ತಕ. ಒಂದು ಆಗದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು. ಗೋಡೆಗೆ ವೇಳಾಪಟ್ಟಿ. ಆರು ತಿಂಗಳಾದರೂ ಆ ದಪ್ಪ ಪುಸ್ತಕದ ಮೂರನೆಯ ವಾರ ದಾಟಿರಲಿಲ್ಲ. ಅವತ್ತು ಬೆಳಗ್ಗೆ ಅವಳು ಹಾಳೆ ಹರಿದು ಬಾಯಿಗೆ ಹಾಕಿಕೊಂಡಳು. ನಾನು ಕೆನ್ನೆಗೆ ಬಾರಿಸಿದೆ.

ಟೀಚರ್ ಲೈನ್‌ನಲ್ಲಿದ್ದ ತಮ್ಮ ಮಗಳ ಮನೆಗೆ ಹೋಗಲು ನಮ್ಮ ಕಾಫಿ ಕಣದ ಪಕ್ಕ ಹಾದುಹೋಗುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ನೆಟ್ಟಗೆ ಊಟದ ಕೋಣೆಗೆ ನುಗ್ಗಿದರು.

“ಹೊಡ್ದಿದ್ದು ಯಾರು?”

“ನಾನೇ ಟೀಚರ್. ಓದಲ್ಲ ಅಂತಾಳೆ.”

“ಓದಲ್ಲ ಅಂತ ಬಾಯ್ಬಿಟ್ಟು ಹೇಳುದ್ಲಾ? ಅಷ್ಟು ಮಾತು ಬಂದಿದ್ರೆ ನೀನ್ಯಾಕೆ ಹೊಡೀತಿದ್ದೆ?”

ಪುಟ್ಟಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳ ಬಾಯಿಂದ ಕಾಗದದ ಚೂರು ತೆಗೆದರು. ಆಮೇಲೆ ಮೇಜಿನ ಮೇಲಿದ್ದದ್ದನ್ನೆಲ್ಲ ಒಂದೊಂದಾಗಿ ನೋಡಿದರು. ದಪ್ಪ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

“ಇಲ್ಲಿ ಮೂರ್ನೇ ವಾರ ಅಂತ ಬರ್ದೈತಲ್ಲ, ಅದು ಯಾರಿಗೆ?”

“ಮಗೂಗೆ ಟೀಚರ್.”

“ಮೂರ್ನೇ ವಾರ ಪುಸ್ತಕಕ್ಕೆ ಕಣಮ್ಮ. ಮಗೀಗೆ ಎಷ್ಟ್ನೇ ವಾರ ಅಂತ ನೋಡಿದೀಯಾ?”

ನನಗೆ ಅಳು ಬಂತು. ಹಾಗಾದರೆ ಯಾವುದನ್ನು ತರಿಸಲಿ, ನೀವೇ ಹೇಳಿ ಎಂದೆ. ಬೆರಳು ಮೇಲೆದ್ದಿತು.

“ತರ್ಸಿರೋದು ಸಾಲ್ದಾ? ಎಲ್ಲಾನೂ ಕಟ್ಟಿ ಅಟ್ಟಕ್ಕೆ ಹಾಕು. ಒಂದು ವಾರ ಏನೂ ಕಲಿಸ್ಬ್ಯಾಡ. ಅವ್ಳಿಗೆ ಏನೇನು ಬತ್ತದೆ ಅಂತ ನೋಡ್ಕಂಡು ಬರ್ದಿಡು. ಬರಲ್ಲ ಅನ್ನೋದ್ನ ಬರಿಬ್ಯಾಡ. ಅದಕ್ಕೆ ಆ ಪ್ಯಾಟೆ ಇಸ್ಕೂಲ್ನೋರು ಅವ್ರೆ.”

ಒಂದು ವಾರ ನೋಡಿದೆ, ಬರೆದೆ. ಗುಡ್ಡ ಹತ್ತಿ ಬರುತ್ತಿರುವುದು ಯಾರ ಜೀಪು ಎಂದು ಸದ್ದಿನಲ್ಲೇ ಗುರುತಿಸುತ್ತಾಳೆ. ಕಣದಲ್ಲಿ ಹರವಿದ ಕಾಫಿಯಿಂದ ಕಪ್ಪು ಬೀಜ ಹೆಕ್ಕುತ್ತಾಳೆ, ಒಂದೂ ತಪ್ಪುವುದಿಲ್ಲ. ಅಜ್ಜಿಯ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತಾಳೆ. ಯಾರಾದರೂ ಅತ್ತರೆ ಪಕ್ಕದಲ್ಲಿ ಹೋಗಿ ಕೂರುತ್ತಾಳೆ. ಎರಡು ಹಾಳೆ ತುಂಬಿತು. ಹೆತ್ತವಳಿಗೇ ಇದು ಯಾವುದೂ ಗೊತ್ತಿರಲಿಲ್ಲ.

ಟೀಚರ್ ಮತ್ತೆ ಬಂದರು. ಜಗಲಿಯಲ್ಲಿ ಕೂತು ಪಟ್ಟಿ ಓದುತ್ತ ‘ಊಂ, ಊಂ’ ಎನ್ನುತ್ತಿದ್ದವರು ಎರಡನೆಯ ಹಾಳೆಗೆ ಬರುವಷ್ಟರಲ್ಲಿ ನಿಲ್ಲಿಸಿಬಿಟ್ಟರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು.

“ಇದು ನಿನ್ನ ಅಕ್ಷರನಾ?”

“ಹೌದು ಟೀಚರ್.”

“ಈ ಳಕಾರದ ಬಾಲ ನಂಗೆ ಗೊತ್ತು. ಹತ್ತು ವರ್ಷದ ಹಿಂದೆ ನಮ್ಮ ಬಾಗ್ಲಿಗೆ ಅಂಟ್ಸಿದ್ದ ಚೀಟಿ ಬರ್ದೋಳು ನೀನೇ ಅಲ್ವಾ?”

ಅಲ್ಲಿಯವರೆಗೆ ನಿಜವಾಗಿಯೂ ಮರೆತಿದ್ದೆ. ಆಗ ನಾನು ಆ ಮನೆಗೆ ಮದುವೆಯಾಗಿ ಬಂದ ಹೊಸತು. ಅಂಗನವಾಡಿ ನಡೆಯುತ್ತಿದ್ದದ್ದು ನಮ್ಮ ಎಸ್ಟೇಟ್ ಸ್ಟೋರಿನ ಪಕ್ಕದ ಕೋಣೆಯಲ್ಲಿ. ಆ ವರ್ಷ ಮೆಣಸು ಚೆನ್ನಾಗಿ ಬಂದು ಮೂಟೆಗಳಿಗೆ ಜಾಗ ಸಾಲಲಿಲ್ಲ. ಮಾವ ನನ್ನನ್ನು ಕರೆದು, “ನಿನ್ನ ಅಕ್ಷರ ಚೆನ್ನಾಗೈತಲ್ಲ, ಒಂದು ನೋಟೀಸ್ ಬರ್ಕೊಡಮ್ಮ” ಎಂದರು. ಮೂರು ದಿನದೊಳಗೆ ಕೋಣೆ ಖಾಲಿ ಮಾಡತಕ್ಕದ್ದು ಎಂದು ಗುಂಡಗೆ ಬರೆದುಕೊಟ್ಟೆ. ಮಾವ ಮೆಚ್ಚಿದರೆಂದು ಹಿಗ್ಗಿದ್ದೆ ಕೂಡ. ಒಳಗಿದ್ದ ಮಕ್ಕಳು ಎಲ್ಲಿಗೆ ಹೋದರು ಎಂದು ಯಾರನ್ನೂ ಕೇಳಲಿಲ್ಲ.

ಟೀಚರ್ ಪಟ್ಟಿಯನ್ನು ಅಲ್ಲೇ ಇಟ್ಟು ಎದ್ದು ಹೋದರು.

ಮರುದಿನ ಅವರ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಹೊಸಿಲ ಮೇಲೆ ನಿಂತೇ ಹೇಳಿದರು.

“ಮಳೆ ಹಿಡ್ಕಂಡ ಮೇಲೆ ಎಬ್ಬಿಸುದ್ರಿ. ಒಂಬತ್ತು ಮಕ್ಳು. ಲೈನ್ ಜಗಲೀಲಿ ಕೂರಿಸ್ಕಂಡೆ, ಎರಚ್ಲು ಹೊಡ್ದು ಎಲ್ಲಾವ್ಕೂ ಕೆಮ್ಮು. ಆಮೇಲೆ ಅಂಗನವಾಡೀನೇ ಮೇಲಿನೂರಿಗೆ ಹಾಕ್ಬುಟ್ರು. ಎಲ್ಡು ಮೈಲಿ. ಆನೆ ಓಡಾಡೋ ದಾರೀಲಿ ಮೂರು ವರ್ಷದ ಮಗೀನ ಯಾರು ಕಳಿಸ್ತಾರೆ? ನಾನು ನಡ್ಕಂಡು ಹೋದೆ, ಮಕ್ಳು ಬರ್ನಿಲ್ಲ. ಅದ್ರಾಗೂ ನಿನ್ ಮಗಳಂಗೇ ನಿಧಾನದವು ಎಲ್ಡಿದ್ವು. ಅವ್ಕೆ ಯಾರು ಪೆಟ್ಟಿಗೆ ತರ್ಸಿಕೊಟ್ರು? ಹೇಳು ನೋಡನ.”

ಅವರು ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಹಾಕಲಿಲ್ಲ.

“ನಿನ್ ಮಗೀದೇನು ತಪ್ಪಿಲ್ಲ. ಕಲಿಸ್ತೀನಿ. ಆದ್ರೆ ನಿನ್ ಊಟದ ಮನೇಲಲ್ಲ. ಆ ರೂಮ್ ಬಿಡ್ಸಿ ಕೊಡು. ಲೈನ್ ಮಕ್ಳ ಜೊತೇಲೇ ಕೂರ್ಲಿ. ಆಯ್ತದೆ ಅಂದ್ರೆ ಬಾ, ಇಲ್ದಿದ್ರೆ ನಿನ್ ದಾರಿ ನೋಡ್ಕೊ.”

ಮಾವನಿಗೆ ಹೇಳಿದೆ. ಪೇಪರಿನಿಂದ ತಲೆಯೆತ್ತದೆ ಅವರು, “ಮೂಟೆ ನಿನ್ ತಲೆ ಮೇಲೆ ಇಡ್ಲಾ? ನಮ್ಮನೆ ಮಗು ಲೈನ್ ಮಕ್ಳ ಜೊತೆ ಕೂತ್ಕಂಡ್ರೆ ಊರೋರು ಏನಂದಾರು?” ಎಂದರು.

“ನಮ್ಮನೆ ಮಗೂನ ಪೇಟೇಲಿ ಅಡುಗೆಕೋಣೇಲಿ ಕೂರಿಸಿದ್ರಲ್ಲ ಮಾವ, ಅವತ್ತು ಊರೋರು ಏನಂದ್ರು?”

ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಮೊಳೆಗೆ ನೇತುಹಾಕಿದ್ದ ಸ್ಟೋರಿನ ಬೀಗದ ಕೈ ಕಿತ್ತುಕೊಂಡು ಹೋದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನನ್ನನ್ನು ನೋಡಿ ಬೇರೆ ಕಡೆ ಹೊರಟುಹೋದ. ಮೂಟೆ ಎತ್ತುವ ಶಕ್ತಿ ನನಗಿರಲಿಲ್ಲ. ಎಳೆದೆ. ಎರಡನೆಯ ಮೂಟೆಗೇ ಅಂಗೈ ಸುಲಿಯಿತು. ಯಾರೋ ಬಾಗಿಲಲ್ಲಿ ನಿಂತಂತಾಯಿತು. ನನ್ನ ಗಂಡ. ಅಪ್ಪನ ಎದುರು ಒಂದು ಮಾತೂ ಆಡದ ಮನುಷ್ಯ ಅಂಗಿಯ ತೋಳು ಮಡಚಿ ಮೂಟೆಯ ಇನ್ನೊಂದು ತುದಿ ಹಿಡಿದರು. ಮಾವ ನಾಲ್ಕು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ನನಗೂ ಮಾತು ಬೇಕಿರಲಿಲ್ಲ.

ಆ ಕೋಣೆಯಲ್ಲಿ ಟೀಚರ್ ಮೂರು ವರ್ಷ ಕಲಿಸಿದರು. ಪುಟ್ಟಿಯೂ ಸೇರಿ ಏಳು ಮಕ್ಕಳು. ಇಬ್ಬರು ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳು, ಅವರಿಗೆ ಕನ್ನಡವೇ ಬಾರದು. ತನ್ನ ಹಾಗೆ ಮಾತಿಗೆ ತಡಕಾಡುವವರನ್ನು ಪುಟ್ಟಿ ಮೊದಲ ಸಲ ನೋಡಿದಳು. ಟೀಚರ್ ಒಂದು ತಿಂಗಳು ಪೆನ್ಸಿಲ್ ಮುಟ್ಟಿಸಲಿಲ್ಲ. ಹಿಟ್ಟು ನಾದುವುದು, ಬೀಜ ಆರಿಸುವುದು, ಬಟ್ಟೆ ಹಿಂಡುವುದು. ಬರೀ ಕೆಲಸ ಮಾಡಿಸುತ್ತಾರಲ್ಲ ಎಂದು ಗೊಣಗಿದೆ. “ಪೆನ್ಸಿಲ್ ಹಿಡಿಯಕ್ಕೆ ಮೊದ್ಲು ಬೆರಳಿಗೆ ಕಸುವು ಬ್ಯಾಡ್ವಾ? ನೀನೇನು ಹುಟ್ತಾನೇ ನೋಟೀಸ್ ಬರ್ದ್ಯಾ?” ಎಂದರು. ನೋಟೀಸಿನ ಮಾತನ್ನು ಅವರು ಯಾವತ್ತೂ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ.

ಮೊದಲು ಕಲಿಸಿದ್ದು ‘ಅ’ ಅಲ್ಲ, ‘ರ’. ನೆಲದ ಮೇಲೆ ಕಾಫಿ ಹೊಟ್ಟು ಹರಡಿ, ಅದರಲ್ಲಿ ಬೆರಳಿನಿಂದ. “ಅ ಮೊದ್ಲು ಬರ್ಬೇಕು ಅಂತ ಯಾವ ಕಾನೂನೈತೆ? ಅದಕ್ಕೆ ಕೈ ಎಷ್ಟು ಸುತ್ಬೇಕು ನೋಡು. ರಕಾರ ಒಂದೇ ಸುತ್ತು.” ರ ಬರಲು ಐದು ತಿಂಗಳು ಹಿಡಿಯಿತು. ಆಮೇಲೆ ಗ, ಸ, ದ. ಬಂದದ್ದು ಹೋಗುತ್ತಿತ್ತು, ಹೋದದ್ದನ್ನು ಮತ್ತೆ ಕರೆಯುತ್ತಿದ್ದರು. ಒಮ್ಮೆ ಪುಟ್ಟಿ ಕೇಳುವ ಹಾಗೆ “ಇವಳು ಸ್ವಲ್ಪ ನಿಧಾನ ಅಲ್ವಾ ಟೀಚರ್” ಎಂದೆ. ಮಕ್ಕಳ ಎದುರಿಗೇ ನನ್ನನ್ನು ಹೊರಗೆ ಕಳಿಸಿದರು. “ಅವ್ಳಿಗೆ ಕಿವಿ ಐತೆ. ನಿಂಗೆ ಇಲ್ದಿದ್ರೆ ಆಚೆ ನಿಂತ್ಕೊ.”

ಯಾರನ್ನೂ ಹೊಗಳುತ್ತಿರಲಿಲ್ಲ. ಏಳು ತುಂಬಿದ ಮೇಲೆ ಒಂದು ದಿನ ಪುಟ್ಟಿ ಹಲಗೆಯ ಮೇಲಿದ್ದದ್ದನ್ನು ಬೆರಳಿಟ್ಟು, “ಗ... ರ... ಗ... ಸ... ಗರಗಸ!” ಎಂದು ಕೂಗಿದಳು. ನಾನು ಕಿಟಕಿಯ ಹೊರಗೆ ನಿಂತು ಕೇಳಿದೆ. ಟೀಚರ್ ಅಂದದ್ದು ಇಷ್ಟೇ: “ಊಂ. ಮುಂದಕ್ಕೆ?”

ಪವಾಡ ಏನೂ ಆಗಲಿಲ್ಲ. ಎಂಟನೆಯ ವರ್ಷಕ್ಕೆ ಸರ್ಕಾರಿ ಶಾಲೆಯ ಎರಡನೆಯ ತರಗತಿಗೆ ಸೇರಿದಳು. ಕಳೆಯುವ ಲೆಕ್ಕ ಇವತ್ತಿಗೂ ಕಷ್ಟ. ಆದರೆ ಓದುತ್ತಾಳೆ, ಶಾಲೆಗೆ ಹೋಗುವುದಿಲ್ಲ ಎಂದು ಒಂದು ದಿನವೂ ಅಳುವುದಿಲ್ಲ. ಈಗ ಗುರುತಿನವರು, “ಯಾವ ಸಿಲಬಸ್ ತಗೊಂಡ್ರಿ, ನಮಗೂ ಹೆಸರು ಹೇಳಿ” ಎಂದು ಫೋನ್ ಮಾಡುತ್ತಾರೆ. ಏನು ಹೆಸರು ಹೇಳಲಿ?

ಹೋದ ವರ್ಷ ಕಾಫಿ ಹೂವಿನ ಹೊತ್ತಿಗೆ ಟೀಚರ್ ಹಾಸಿಗೆ ಹಿಡಿದರು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಹಾಸನದ ಆಸ್ಪತ್ರೆಗೆ ನೋಡಲು ಹೋದೆ. ಮುಖ ಊದಿಕೊಂಡಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ. ನರ್ಸಿಗೆ ಬೈಯುತ್ತಿದ್ದರು. ಮಂಚದ ಪಕ್ಕ ಕೂತು, ಮೂರು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದನ್ನು ಕೊನೆಗೂ ಹೇಳಿದೆ.

“ಆ ನೋಟೀಸ್ ಬರೆದದ್ದಕ್ಕೆ ನನ್ನ ಕ್ಷಮಿಸಿಬಿಡಿ ಟೀಚರ್.”

“ನನ್ನ ಯಾಕೆ ಕೇಳ್ತೀಯಾ? ನಂಗೆ ಸಂಬಳ ಬತ್ತಿತ್ತು, ನಾನು ಮೇಲಿನೂರಿಗೆ ಹೋದೆ. ಆ ಒಂಬತ್ತು ಮಕ್ಳನ್ನ ಕೇಳು. ಎಲ್ಲಾ ಬದುಕವ್ರೆ.”

ಅಲ್ಲೇ ಒಬ್ಬೊಬ್ಬರ ಹೆಸರು ಹೇಳಿ ಬರೆಸಿದರು. ಒಂಬತ್ತೂ ನೆನಪಿದ್ದವು. ಎಂಟು ದಿನ ಕಳೆದು ತೀರಿಕೊಂಡರು. ಮಣ್ಣಿಗೆ ಮಾವ ಹಾರ ತಂದಿದ್ದರು. “ಒಳ್ಳೆ ಹೆಂಗ್ಸು, ಯಾರಿಗೂ ಕೆಡುಕು ಬಯಸ್ದೋಳಲ್ಲ” ಎಂದು ಪಕ್ಕದವರಿಗೆ ಹೇಳುತ್ತಿದ್ದರು. ನಾನು ದೂರ ಹೋಗಿ ಲೈನ್‌ನ ಹೆಂಗಸರ ನಡುವೆ ನಿಂತೆ.

ಇಲ್ಲಿಯವರೆಗೆ ಮೂವರನ್ನು ಹುಡುಕಿಕೊಂಡು ಹೋಗಿದ್ದೇನೆ. ಮೂರನೆಯವಳಿಗೆ ಹತ್ತೊಂಬತ್ತು ವರ್ಷ. ದೋಣಿಗಲ್ಲಿನಲ್ಲಿ ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ. ಟೀಚರ್ ಹೇಳಿದ್ದ ಆ ಇಬ್ಬರು ನಿಧಾನದ ಮಕ್ಕಳಲ್ಲಿ ಒಬ್ಬಳು. ಹಿತ್ತಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವಳು ಕೈಯ ಸೋಪಿನ ನೊರೆ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು.

“ನಾನು ಐದ್ನೇ ಕ್ಲಾಸಿಗೆ ಬಿಟ್ಬುಟ್ಟೆ ಅಮ್ಮಾವ್ರೆ. ಏನೂ ತಿಳೀತಿರ್ನಿಲ್ಲ. ಹಿಂದ್ಗಡೆ ಕೂರಿಸ್ತಿದ್ರು. ಸೈನ್ ಹಾಕಕ್ಕೆ ಬತ್ತದೆ, ಅಷ್ಟೆಯ.” ಆಮೇಲೆ ನನ್ನ ಮುಖ ನೋಡಿ ಕೇಳಿದಳು: “ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ಬಂದ್ರಿ?”

“ಟೀಚರ್ ಹೇಳಿದ್ರು.”

“ಟೀಚರ್ ಹೇಳ್ದೆ ಇದ್ದಿದ್ರೆ?”

ಒಳಗಿನಿಂದ ಯಾರೋ ಕೂಗಿದರು. ಅವಳು ಉತ್ತರಕ್ಕೆ ಕಾಯದೆ ಪಾತ್ರೆಗಳ ಹತ್ತಿರ ಹೋದಳು. ಇನ್ನೂ ಆರು ಜನ ಇದ್ದಾರೆ.