ಮಡಕಶಿರದ ಬೆಟ್ಟಕ್ಕೆ ಅತ್ತೆಯೊಂದಿಗೆ

ರಾಯದುರ್ಗದಿಂದ ಹೊರಟಾಗ ಬೆಳಿಗ್ಗೆ ಐದೂವರೆ. ವಿಜಯದಶಮಿಯ ಮರುದಿನ. ಆಯುಧ ಪೂಜೆಯ ಕುಂಕುಮ ಹೊಲಿಗೆ ಮಿಷನ್‌ಗಳ ಮೇಲೆ ಇನ್ನೂ ಹಾಗೇ ಇತ್ತು, ಯೂನಿಟ್ಟಿಗೆ ಮೂರು ದಿನ ರಜೆ. ನನ್ನ ಹೆಂಡತಿ ಗಿರಿಜಳ ಅಣ್ಣ ವೀರೇಶ ಭಾವ ಒಂದು ಟೆಂಪೊ ಮಾಡಿದ್ದರು. ಕಲ್ಯಾಣದುರ್ಗ, ಪಾವಗಡದ ಮೇಲೆ ಮಡಕಶಿರಕ್ಕೆ ಹೋಗಿ ಬೆಟ್ಟ ಹತ್ತುವುದು, ರಾತ್ರಿ ಹಿಂದೂಪುರದ ಲಾಡ್ಜು, ಮರುದಿನ ಲೇಪಾಕ್ಷಿ ನೋಡಿಕೊಂಡು ವಾಪಸು. ಒಟ್ಟು ಹದಿಮೂರು ಜನ.

ಆಂಧ್ರದ ಅಂಚಿನ ಮಡಕಶಿರ ನನ್ನ ಊರ ಪೇಟೆ. ಅಲ್ಲಿಂದ ರೊಳ್ಳದ ಕಡೆಗೆ ಹನ್ನೆರಡು ಕಿಲೋಮೀಟರ್ ಹೋದರೆ ನಮ್ಮ ಹಳ್ಳಿ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ದುಡಿದು, ಆ ಕಾರ್ಖಾನೆ ನಿಂತ ಮೇಲೆ ನಾನು ರಾಯದುರ್ಗಕ್ಕೆ ಬಂದು ಹೆಂಡತಿಯ ಅಣ್ಣಂದಿರ ಜೀನ್ಸ್ ಯೂನಿಟ್ಟಿನಲ್ಲಿ ಕೂತಿದ್ದೆ. ಅದು ನಾಲ್ಕನೆಯ ವರ್ಷ. ಮನೆಯಲ್ಲಿ ಅಳಿಯ, ಯೂನಿಟ್ಟಿನಲ್ಲಿ ಟೈಲರ್. ಎರಡರಲ್ಲಿ ಯಾವಾಗ ಯಾವುದಾಗಿರಬೇಕು ಎಂಬುದು ನನಗೆ ಸರಿಯಾಗಿ ತಿಳಿಯಲೇ ಇಲ್ಲ. ಪ್ರವಾಸ ನಮ್ಮ ಕಡೆಗೇ ಅಂದಾಗ ದಾರಿ, ಊಟ, ನೆರಳು ಎಲ್ಲವನ್ನೂ ನನ್ನನ್ನೇ ಕೇಳುತ್ತಾರೆ ಅಂದುಕೊಂಡೆ. ಯಾರೂ ಕೇಳಲಿಲ್ಲ. ಗಿರಿಜಳ ಅಕ್ಕನ ಗಂಡ, ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಷಡ್ಡಕ, ಫೋನಿನಲ್ಲಿ ನೋಡಿ ಎಲ್ಲ ಗೊತ್ತುಮಾಡಿದ್ದರು.

ಟೆಂಪೊ ಹತ್ತುವಾಗ ಜಾಕೆಟ್‌ಗಳು ಕಣ್ಣಿಗೆ ಬಿದ್ದವು. ವೀರೇಶ ಭಾವ, ಅವರ ತಮ್ಮ ಮಂಜು, ಷಡ್ಡಕ, ಮಕ್ಕಳು, ಎಲ್ಲರದೂ ಒಂದೇ ನೀಲಿ ಡೆನಿಮ್, ಒಂದೇ ತಾಮ್ರದ ಗುಂಡಿ. ಹಿಂದಿನ ವಾರ ಆ ಏಳೂ ಜಾಕೆಟ್‌ಗಳಿಗೆ ಕಾಲರ್ ಕೂಡಿಸಿದವನು ನಾನೇ. ಹೊಸ ಪಾರ್ಟಿಗೆ ಸ್ಯಾಂಪಲ್ ಎಂದು ಹೇಳಿ ಮಂಜು ತಂದುಕೊಟ್ಟಿದ್ದ. ಗಿರಿಜ ಚೀಲದಿಂದ ಒಂದು ಪುಟ್ಟ ಜಾಕೆಟ್ ತೆಗೆದು ನಮ್ಮ ಮಗಳು ಸೌಮ್ಯಳಿಗೆ ತೊಡಿಸಿದಳು. ನನ್ನತ್ತ ನೋಡಲಿಲ್ಲ. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಪಾತ್ರೆಗಳ ಪಕ್ಕ ಒಂದು ಜಾಗ ಉಳಿದಿತ್ತು, ಹೋಗಿ ಕೂತೆ.

ಕಲ್ಯಾಣದುರ್ಗ ದಾಟಿದ ಮೇಲೆ ಬಿಸಿಲೇರಿತು. ಆ ವರ್ಷ ಹಿಂಗಾರು ಚೆನ್ನಾಗಿತ್ತು. ಶೇಂಗಾ ಹೊಲಗಳು ಇನ್ನೂ ಹಸಿರಾಗಿದ್ದವು, ಅಲ್ಲಲ್ಲಿ ಕಿತ್ತ ಗಿಡಗಳನ್ನು ಬೇರು ಮೇಲಾಗಿ ಒಣಹಾಕಿದ್ದರು. ಮುಂದಿನ ಸೀಟುಗಳಲ್ಲಿ ಅಣ್ಣ ತಂಗಿಯರು ಚಿಕ್ಕಂದಿನ ಮಾತು ಎತ್ತಿ ನಗುತ್ತಿದ್ದರು. ಗಿರಿಜ ಅಷ್ಟು ಜೋರಾಗಿ ನಗುವುದನ್ನು ನಾನು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಒಮ್ಮೆ ನಾನೂ ನಕ್ಕೆ. ಯಾರ ವಿಷಯಕ್ಕೆ ನಗುತ್ತಿದ್ದಾರೆ ಎಂಬುದು ಗೊತ್ತಿಲ್ಲದೆ ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಪಾವಗಡ ಇನ್ನೂ ದೂರವಿರುವಾಗ ಡ್ರೈವರ್ ತಿರುಮಣಿ ಕಡೆಯ ದಾರಿ ಹಿಡಿದ. ಏರು ಹತ್ತಿ ಇಳಿಯುವಾಗ ಮಕ್ಕಳೆಲ್ಲ ಕಿಟಕಿಗೆ ಅಂಟಿಕೊಂಡರು. ಬಯಲು ತುಂಬ ನೀರು ನಿಂತಂತೆ ಕಾಣುತ್ತಿತ್ತು. ಹತ್ತಿರ ಹೋದಾಗ ತಿಳಿಯಿತು, ಅದು ಸೋಲಾರ್ ಹಲಗೆಗಳ ಸಾಲು. ಕಣ್ಣು ಹಾಯುವಷ್ಟು ದೂರ, ಗುಡ್ಡದ ಬುಡದವರೆಗೆ, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಎತ್ತು ನೋಡಲು ಆ ಕಡೆ ಬಂದಿದ್ದೆ. ಆಗ ಅಲ್ಲಿ ಬರೀ ಕಲ್ಲು, ಜಾಲಿ. ಟೆಂಪೊ ನಿಲ್ಲಿಸಿದರು. ಸದ್ದೇ ಇರಲಿಲ್ಲ. ಅಷ್ಟು ದೊಡ್ಡ ಕೆಲಸ ಒಂದಿಷ್ಟೂ ಸದ್ದಿಲ್ಲದೆ ನಡೆಯುತ್ತಿತ್ತು. ಇಡೀ ದಿನ ಮಿಷನ್ ಸದ್ದಿನಲ್ಲಿ ಕೂರುವ ನನಗೆ ಅದು ಎಷ್ಟು ಸೋಜಿಗವೆನಿಸಿತೆಂದರೆ, ಎಲ್ಲರೂ ಹತ್ತಿದ ಮೇಲೂ ಬೇಲಿಯ ಹತ್ತಿರವೇ ನಿಂತಿದ್ದೆ. ಮಂಜು ಹಾರನ್ ಹೊಡೆಸಿದ.

ಮಡಕಶಿರ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಬಸ್ ಸ್ಟ್ಯಾಂಡಿನ ಹಿಂದೆ ನನಗೆ ಪರಿಚಯದ ಮುದ್ದೆ ಊಟದ ಹೋಟೆಲಿದೆ ಎಂದು ವೀರೇಶ ಭಾವನಿಗೆ ಹೇಳಿದೆ. ಅವರು ಷಡ್ಡಕನ ಮುಖ ನೋಡಿದರು. ಊರ ಹೊರಗಿನ ಒಂದು ಹೋಟೆಲನ್ನು ಅವರು ಆಗಲೇ ಆರಿಸಿಯಾಗಿತ್ತು. ಅಲ್ಲಿಯೇ ಉಂಡೆವು. ಎರಡು ಗಂಟೆಗೆ ಬೆಟ್ಟ ಹತ್ತಲು ತೊಡಗಿದೆವು.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಬೆಟ್ಟದ ಕೆಳಗೇ ಸಂತೆ ಮಾಡಿ, ಅದರ ನೆರಳಿನಲ್ಲೇ ಹೈಸ್ಕೂಲು ಓದಿ ಬೆಳೆದ ನಾನು ಒಂದು ದಿನವೂ ಅದನ್ನು ತುದಿಯವರೆಗೆ ಹತ್ತಿರಲಿಲ್ಲ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಜನರ ಕಾಲಿಗೆ ಸವೆದು ನುಣುಪಾಗಿದ್ದವು. ಮೊದಲ ಕೋಟೆ ಬಾಗಿಲು ಬರುವಷ್ಟರಲ್ಲಿ ಎಲ್ಲರಿಗೂ ಏದುಸಿರು. ಷಡ್ಡಕ ಅಲ್ಲೇ ಕೂತುಬಿಟ್ಟರು. ಮೇಲೆ ಏನಿಲ್ಲ, ಹಾಳು ಗೋಡೆ ಅಷ್ಟೇ ಎಂದು ಅವರ ಫೋನು ಹೇಳಿತಂತೆ. ಇಲ್ಲೇ ಫೋಟೋ ಹೊಡೆಸಿಕೊಂಡು ಇಳಿಯುವುದು ಎಂದಾಯಿತು.

ವೀರೇಶ ಭಾವ ಫೋನು ನನ್ನ ಕೈಗಿತ್ತರು. "ಸ್ವಾಮಿ, ಒಂದು ಫ್ಯಾಮಿಲಿ ಫೋಟೋ ಹೊಡಿ. ಎಲ್ಲಾರೂ ಬರೋ ಹಂಗ."

ಎಲ್ಲರೂ ಬಂದರು. ಹನ್ನೆರಡು ಜನ, ಏಳು ಜಾಕೆಟ್. ನಾನು ಮೂರು ಸಲ ಒತ್ತಿ ಫೋನು ವಾಪಸು ಕೊಟ್ಟೆ. ಇನ್ನೊಬ್ಬರ ಕೈಗೆ ಫೋನು ಕೊಟ್ಟು ನೀನೂ ಬಾ ಎಂದು ಯಾರಾದರೂ ಕರೆಯುತ್ತಾರೆಂದು ಸ್ವಲ್ಪ ಹೊತ್ತು ನಿಂತೆ. ಅವರು ಫೋಟೋ ನೋಡುವುದರಲ್ಲಿದ್ದರು. ಮೇಲೆ ಹೋಗಿಬರುತ್ತೇನೆ ಎಂದು ಗಿರಿಜಳಿಗೆ ಹೇಳಿ ಹತ್ತತೊಡಗಿದೆ. ಬೆಟ್ಟ ನೋಡುವ ಆಸೆಯೇನೂ ಇರಲಿಲ್ಲ. ಅವರ ಎದುರಿಗೆ ಇರಬಾರದು ಅನ್ನಿಸಿತ್ತು ಅಷ್ಟೇ.

ನಲವತ್ತು ಐವತ್ತು ಮೆಟ್ಟಿಲು ಹತ್ತಿರಬಹುದು, ಹಿಂದೆ ಬಳೆಯ ಸದ್ದಾಯಿತು. ತಿರುಗಿದರೆ ಅತ್ತೆ ಗೌರಮ್ಮ. ಚಪ್ಪಲಿ ಕೆಳಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬರುತ್ತಿದ್ದರು. ಅರವತ್ತು ದಾಟಿದ ಜೀವ. ಆ ಮನೆಯಲ್ಲಿ ಅತ್ತೆ ಅಳಿಯನ ಎದುರು ಕೂರುವುದಿಲ್ಲ, ನೇರ ಮಾತಾಡುವುದೂ ಕಡಿಮೆ. ನಾಲ್ಕು ವರ್ಷದಲ್ಲಿ ನಮ್ಮ ನಡುವೆ ಊಟಕ್ಕೆ ಏಳ್ರಿ, ಬಂದೆ ಎನ್ನುವುದಕ್ಕಿಂತ ಹೆಚ್ಚಿನ ಮಾತು ನಡೆದಿರಲಿಲ್ಲ.

"ನಾನೂ ಬರ್ತೀನ್ರಿ," ಅಂದರು. "ಇಷ್ಟು ದೂರ ಬಂದು ಬಾಗಲದಾಗ ಕೂತು ಹೋಗೋದು ಯಾಕ?"

ನಾನು ಮುಂದೆ, ಅವರು ನಾಲ್ಕು ಮೆಟ್ಟಿಲು ಹಿಂದೆ. ಅವರು ನಿಂತಾಗ ನಾನು ನಿಲ್ಲುತ್ತಿದ್ದೆ. ಮೆಟ್ಟಿಲು ಮುಗಿದು ಬರೀ ಬಂಡೆ ಬಂದಾಗ ಕೈ ಕೊಡಲೋ ಬೇಡವೋ ಎಂದು ಹಿಂಜರಿದೆ. ಅವರೇ ಕೈ ಚಾಚಿದರು. ಅಂಗೈ ಕಲ್ಲಿನಂತಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದು, ಹೊಲಿದ ಪ್ಯಾಂಟುಗಳ ತುದಿದಾರ ಕತ್ತರಿಸಿದ ಕೈ ಅದು.

ಮೂರೂವರೆ ಹೊತ್ತಿಗೆ ತುದಿ ಮುಟ್ಟಿದೆವು. ಹಾಳು ಗೋಡೆ ಇದ್ದದ್ದು ನಿಜ. ಬಂಡೆಯ ಮಡಿಲಲ್ಲಿ ಒಂದು ದೊಣೆ ಇತ್ತು. ಅಷ್ಟು ಎತ್ತರದಲ್ಲಿ ತಿಳಿನೀರು, ಅದರೊಳಗೆ ಬೆರಳುದ್ದದ ಮೀನು. ಮೇಲಿಂದ ನೋಡಿದರೆ ನಾನು ಹುಟ್ಟಿ ಬೆಳೆದ ಸೀಮೆ ಒಂದೇ ನೋಟಕ್ಕೆ ಸಿಕ್ಕಿತು. ಗುಂಡು ಬಂಡೆಗಳ ಬೆಟ್ಟಗಳು ಒಂದರ ಹಿಂದೆ ಒಂದು ತೆಳುವಾಗುತ್ತಾ ಕರ್ನಾಟಕದೊಳಕ್ಕೆ ಹೋಗಿದ್ದವು. ಕೆರೆಗಳು ತುಂಬಿದ್ದವು. ಹಿಪ್ಪುನೇರಳೆ ತೋಟಗಳು ಕಡು ಹಸಿರು ತೇಪೆಗಳಂತೆ ಕಂಡವು. ಪಡುವಣದಲ್ಲಿ ಒಂದೇ ಒಂದು ಮೋಡ ಮಳೆ ಸುರಿಸುತ್ತಾ ನಡೆದು ಬರುತ್ತಿತ್ತು. ಒಂದು ಹಳ್ಳಿ ಅದರೊಳಗೆ ಮುಚ್ಚಿಹೋಗಿ ಆಮೇಲೆ ತೊಳೆದಿಟ್ಟಂತೆ ಹೊರಬಂತು. ನಾವಿದ್ದ ಕಡೆ ಬಿಸಿಲು. ಎಷ್ಟು ಹೊತ್ತು ನಿಂತೆವೋ ತಿಳಿಯದು. ಹತ್ತುವಾಗ ಮನಸ್ಸಿನಲ್ಲಿ ಏನೇನು ಜೋಡಿಸಿಕೊಂಡಿದ್ದೆನೋ ಅದೊಂದೂ ಆ ಹೊತ್ತು ನೆನಪಿರಲಿಲ್ಲ.

"ನಿಮ್ಮೂರು ಯಾವುದ್ರಿ ಇದ್ರಾಗ?" ಎಂದು ಅತ್ತೆ ಕೇಳಿದರು.

ಎರಡು ಗುಡ್ಡಗಳ ನಡುವಿನ ಕೆರೆಯನ್ನು, ಅದರ ಏರಿಯ ಕೆಳಗಿನ ಬಿಳಿ ಚುಕ್ಕೆಗಳನ್ನು ತೋರಿಸಿದೆ. ಅವರು ಕೈ ಹಣೆಗಿಟ್ಟು ತುಂಬ ಹೊತ್ತು ನೋಡಿದರು.

"ಮಗಳನ್ನ ಕೊಟ್ಟು ಏಳು ವರ್ಷ ಆತು. ಮದುವಿ ರಾಯದುರ್ಗದಾಗ ಆತು, ಬಾಣಂತನ ನಮ್ಮಲ್ಲೇ ಆತು. ನಿಮ್ಮ ತಾಯಿ ಮನಿ ಹೊಸ್ತಿಲ ನಾನು ತುಳಿದಿಲ್ಲ. ಕರಕೊಂಡು ಹೋಗ್ತೀರೇನು?"

ಯಾವಾಗ ಎಂದು ಕೇಳಿದೆ. ಇವತ್ತೇ ಅಂದರು.

ಕೆಳಗೆ ಬಂದು ಅತ್ತೆ ಹೇಳಿದಾಗ ವೀರೇಶ ಭಾವ ಒಪ್ಪಲಿಲ್ಲ. ಲಾಡ್ಜಿಗೆ ಮುಂಗಡ ಕೊಟ್ಟಾಗಿದೆ, ಹಳ್ಳಿಯಲ್ಲಿ ಎಲ್ಲಿ ಮಲಗುತ್ತೀ ಎಂದು ರೇಗಿದರು. ಅತ್ತೆ ದನಿ ಏರಿಸಲಿಲ್ಲ. "ನೀವು ಲಾಡ್ಜಿಗೆ ಹೋಗ್ರಿ. ನಾನು ಅಳಿಯಂದ್ರ ಮನಿಗೆ ಹೋಗ್ತೀನಿ. ಮುಂಜಾನಿ ಬಂದು ಕರಕೊಂಡು ಹೋಗು," ಅಂದರು. ಸೌಮ್ಯ ಉಳಿದ ಮಕ್ಕಳನ್ನೂ ಟೆಂಪೊವನ್ನೂ ಬಿಟ್ಟುಬರಲು ಒಪ್ಪಲಿಲ್ಲ. ಗಿರಿಜ ಒಂದು ಗಳಿಗೆ ಅತ್ತ ಇತ್ತ ನೋಡಿ ನಮ್ಮ ಜೊತೆ ಇಳಿದಳು.

ರೊಳ್ಳದ ಬಸ್ಸಿನಲ್ಲಿ ಅತ್ತೆ ಮುಂದೆ ಕೂತರು. ಹಿಂದೆ ನಾನು ಗಿರಿಜಳನ್ನು ಕೇಳಿದೆ, ಜಾಕೆಟ್ ವಿಷಯ ನಿನಗೆ ಗೊತ್ತಿತ್ತಾ ಎಂದು.

"ಗೊತ್ತಿತ್ತು," ಅಂದಳು. "ನಿಮಗೊಂದು ಯಾಕಿಲ್ಲ ಅಂತ ಕೇಳಾಕ ಹೋಗಿದ್ದೆ. ಅಣ್ಣನ ಎದುರಿಗೆ ಬಾಯಿ ಬರಲಿಲ್ಲ."

ಸಿಟ್ಟು ಬರಬೇಕಿತ್ತು. ಅವಳು ಸುಳ್ಳು ಹೇಳಲಿಲ್ಲವಲ್ಲ ಅನ್ನಿಸಿತು.

ಮನೆಯಲ್ಲಿ ಅವ್ವ, ತಮ್ಮ ಹನುಮಂತ ಇಬ್ಬರೂ ಹುಳುವಿನ ಮನೆಯಲ್ಲಿದ್ದರು. ಆ ದಿನ ಮಧ್ಯಾಹ್ನದಿಂದ ರೇಷ್ಮೆ ಹುಳು ಒಂದೇ ಸಲಕ್ಕೆ ಹಣ್ಣಾಗಿದ್ದವು. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆ ಎತ್ತುತ್ತದೆ, ಮೈ ಗಾಜಿನಂತೆ ಹಳದಿಯಾಗುತ್ತದೆ. ಕೂಡಲೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟೆಗೆ, ಬಿಡದಿದ್ದರೆ ಸಿಕ್ಕಲ್ಲೇ ದಾರ ಸುರಿಸಿ ಗೂಡು ಹಾಳಾಗುತ್ತದೆ. ಕೂಲಿಯವರು ಶೇಂಗಾ ಕೀಳಲು ಹೋಗಿದ್ದರು. ಬೀಗಿತಿಯನ್ನು ಕಂಡ ಅವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಬನ್ರಮ್ಮ, ಕೂತ್ಕಳಿ ಅನ್ನಾಕೂ ಬಿಡುವಿಲ್ದಂಗೆ ಆಗೈತೆ," ಅಂದಳು.

ಅತ್ತೆ ಕೂರಲಿಲ್ಲ. ಕೈಕಾಲು ತೊಳೆದು ಒಳಗೆ ಬಂದರು. ಹೇಗೆ ಹಿಡಿಯಬೇಕೆಂದು ಅವ್ವ ಒಮ್ಮೆ ತೋರಿಸಿದಳು. ಆಮೇಲೆ ಐದು ಜನವೂ ಬಗ್ಗಿ ಆರಿಸಿದೆವು. ಇನ್ನೂ ಹಣ್ಣಾಗದ ಹುಳುಗಳು ಸೊಪ್ಪು ಮೇಯುವ ಸದ್ದು ಹುಣಸೆ ಮರದ ಮೇಲೆ ಸೋನೆ ಬಿದ್ದಂತೆ ಕೇಳುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಚಂದ್ರಿಕೆಗಳೆಲ್ಲ ತುಂಬಿದವು.

ಅತ್ತೆ ಒಂದು ಚಂದ್ರಿಕೆಯ ಮುಂದೆ ನಿಂತರು. ಹುಳು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ತನ್ನ ಸುತ್ತ ಮಂಜಿನಂಥ ಪರದೆ ಕಟ್ಟುತ್ತಿತ್ತು. ಸಾವಿರಾರು ತಲೆಗಳು, ಎಲ್ಲವೂ ಹಾಗೇ ಆಡುತ್ತಿದ್ದವು. ಒಂದು ಗೂಡಿನಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ದಾರ ಇರುತ್ತದೆ ಎಂದು ಹನುಮಂತ ಹೇಳಿದ.

"ನಡುವ ಎಲ್ಲೂ ಕಡಿಯಂಗಿಲ್ಲೇನು?"

"ಇಲ್ಲ ಕಣಮ್ಮ. ಒಂದೇ ಎಳೆ."

ಅತ್ತೆ ಎರಡೂ ಕೈ ಜೋಡಿಸಿದರು. ದೇವರ ಮುಂದೆ ನಿಂತಂತೆಯೇ ನಿಂತಿದ್ದರು. ಅದೇ ಮನೆಯಲ್ಲಿ ಸೊಪ್ಪು ಹೊತ್ತು, ಕಸ ತೆಗೆದು, ಹೇಗಾದರೂ ಬಿಟ್ಟುಹೋದರೆ ಸಾಕೆಂದು ಬೆಂಗಳೂರು ಬಸ್ಸು ಹತ್ತಿದವನು ನಾನು. ಅವರ ಪಕ್ಕ ನಿಂತು ನೋಡಿದಾಗ ಇಷ್ಟು ದಿನ ನೋಡಿಯೇ ಇರಲಿಲ್ಲ ಅನ್ನಿಸಿತು.

ಬೆಳಿಗ್ಗೆ ಎಂಟಕ್ಕೆ ಟೆಂಪೊ ಬಂತು. ವೀರೇಶ ಭಾವ ಇಳಿದು ಅವಸರ ಮಾಡಿದರು. ಅತ್ತೆ ಅವರ ತೋಳು ಹಿಡಿದು ಒಳಗೆ ಕರೆದೊಯ್ದರು. ಅಷ್ಟರಲ್ಲಿ ಗೂಡುಗಳು ಬೆಳ್ಳಗೆ ರೂಪ ತಾಳಿದ್ದವು. ಒಳಗೆ ಹುಳು ಆಡುವುದು ಮಾತ್ರ ಇನ್ನೂ ನೆರಳಿನಂತೆ ಕಾಣುತ್ತಿತ್ತು. ಭಾವ ಒಂದು ಗೂಡಿನ ಹತ್ತಿರ ಬಗ್ಗಿದರು. ಆಮೇಲೆ ನನ್ನತ್ತ ತಿರುಗಿ, ಇದು ಯಾವಾಗ ನಿಲ್ಲುತ್ತದೆ ಎಂದು ಕೇಳಿದರು. ಆ ಎರಡು ದಿನಗಳಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಮೂರು ದಿನ ಎಡೆಬಿಡದೆ ಸುತ್ತುತ್ತದೆ ಎಂದೆ.

ಆಗಲೇ ಇನ್ನೊಂದು ಮಾತೂ ಹೇಳಿದೆ. ಗೂಡು ಬಿಡಿಸಿ ಹಿಂದೂಪುರದ ಮಾರ್ಕೆಟ್ಟಿಗೆ ಹಾಕುವವರೆಗೆ ಇಲ್ಲೇ ಇರುತ್ತೇನೆ, ರಜೆ ಮುಗಿದ ಮೇಲೂ ಮೂರು ದಿನ ಮಿಷನ್ ಮೇಲೆ ಕೂರಲಾಗುವುದಿಲ್ಲ, ಲೇಪಾಕ್ಷಿಗೂ ಬರುವುದಿಲ್ಲ ಎಂದೆ. ಅವರನ್ನು ಕೇಳದೆ ನಾನೊಂದು ತೀರ್ಮಾನ ಹೇಳಿದ್ದು ಅದೇ ಮೊದಲು. ಅವರು ಅವ್ವನನ್ನು, ಚಂದ್ರಿಕೆಗಳನ್ನು ನೋಡಿದರು.

"ಆತು, ಮುಗಿಸಿಕೊಂಡು ಬರ್ರಿ," ಅಂದರು. ಅವರ ಬಾಯಲ್ಲಿ ನನಗೆ ಬಹುವಚನ ಬಂದದ್ದನ್ನು ಅವರು ಗಮನಿಸಿದಂತೆ ಕಾಣಲಿಲ್ಲ.

ಗಿರಿಜ ನನ್ನ ಜೊತೆ ಉಳಿದಳು. ಲೇಪಾಕ್ಷಿ ಬಸವಣ್ಣನನ್ನು ನೋಡಲು ಸೌಮ್ಯ ಹೋದಳು. ಅತ್ತೆ ಅವ್ವನ ಕೈಯಿಂದ ಅರಿಶಿನ ಕುಂಕುಮ ಪಡೆದು ಟೆಂಪೊ ಹತ್ತಿದರು. ಐದನೆಯ ದಿನ ಗೂಡು ಬಿಡಿಸಿದೆವು, ಆರನೆಯ ದಿನ ಮಾರ್ಕೆಟ್ಟಿಗೆ ಹಾಕಿದೆವು. ಆ ಪ್ರವಾಸದಿಂದ ಎಲ್ಲವೂ ಬದಲಾಯಿತೆಂದು ಹೇಳಲಾರೆ. ಮುಂದಿನ ವರ್ಷದ ಪ್ರವಾಸವನ್ನೂ ಷಡ್ಡಕನೇ ಗೊತ್ತುಮಾಡಿದರು. ಆದರೆ ಅಂದಿನಿಂದ ಅತ್ತೆ ನನ್ನ ಎದುರು ಕೂತು ಮಾತಾಡುತ್ತಾರೆ.

ಏಳನೆಯ ದಿನ ಬೆಳಿಗ್ಗೆ ನಾವಿಬ್ಬರೂ ಮಡಕಶಿರದಿಂದ ಪಾವಗಡದ ಬಸ್ಸು ಹಿಡಿದೆವು. ಸೀಟು ಸಿಕ್ಕಿತ್ತು. ಊರು ದಾಟುವಾಗ ಗಿರಿಜ ಕಿಟಕಿಯಿಂದ ಬಗ್ಗಿ ಬೆಟ್ಟದ ತುದಿಯತ್ತ ನೋಡಿದಳು. ಅವಳು ಮೊದಲ ಬಾಗಿಲಲ್ಲೇ ನಿಂತಿದ್ದವಳು.

"ಮ್ಯಾಲೆ ಏನೈತ್ರಿ?" ಎಂದು ಕೇಳಿದಳು.

ಬೆಟ್ಟ ಹಿಂದೆ ಸರಿದು ಮರೆಯಾಗುವವರೆಗೂ ಅದನ್ನೇ ನೋಡುತ್ತಿದ್ದೆ. ಆಮೇಲೆ ಹೇಳಲು ಶುರುಮಾಡಿದೆ. ಪಾವಗಡದಲ್ಲಿ ಬಸ್ಸು ನಿಂತಾಗ ನಾನಿನ್ನೂ ಮಳೆಯ ಮೋಡದ ಹತ್ತಿರವೇ ಇದ್ದೆ.